ಗೆರೆಗಳು ಒಂದರ ಮೇಲೊಂದು ಬಿದ್ದಾಗ

— ಶ್ರೀನಿವಾಸಪುರದಲ್ಲಿ ಹುಟ್ಟೋ ಕೂಸಿಗೂ ಒಂದು ಪಾರ್ಟಿ ಇರುತ್ತೆ ಅಂತಾರಲ್ಲ ಮೇಷ್ಟ್ರೇ, ಅದು ಮಾತಿಗೆ ಹೇಳೋದೋ, ನಿಜವೋ? ನಾನು ಮಾಲೂರು ಕಡೆಯವಳು. ಕೋಲಾರದ ಕೋರ್ಟಿಗೆ ನಿಮ್ಮ ತಾಲ್ಲೂಕಿನ ಕೇಸು ಬಂದಾಗಲೆಲ್ಲ ನೋಡ್ತೀನಿ. ಒಂದು ದೂರು ಬಂದರೆ ಅದರ ಬೆನ್ನಿಗೇ ಕೌಂಟರ್ ಕೇಸು. ಬದುವಿನ ಜಗಳ ಅಂತ ಓದೋಕೆ ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಚುನಾವಣೆ ಇಣುಕುತ್ತೆ.

— ನಿಜವೇ ಅಮ್ಮಾ. ಆದರೆ ಪಾರ್ಟಿ ಅಂದರೆ ಕಾಂಗ್ರೆಸ್ಸು, ದಳ ಅಂತ ತಿಳೀಬೇಡ. ನಮ್ಮಲ್ಲಿರೋದು ಸ್ವಾಮಿ ಕಡೆ, ರೆಡ್ಡಿ ಕಡೆ. ಸ್ವಾಮಿ ಅಂದರೆ ರಮೇಶ್ ಕುಮಾರ್, ರೆಡ್ಡಿ ಅಂದರೆ ವೆಂಕಟಶಿವಾರೆಡ್ಡಿ. ರಮೇಶ್ ಕುಮಾರ್ ಮೊದಲ ಸಲ ಗೆದ್ದದ್ದು 1978ರಲ್ಲಿ. 1983ರಲ್ಲಿ ವೆಂಕಟಶಿವಾರೆಡ್ಡಿ ಗೆದ್ದರು. 1985ರಲ್ಲಿ ಮತ್ತೆ ಸ್ವಾಮಿ, 1989ರಲ್ಲಿ ರೆಡ್ಡಿ, 1994ರಲ್ಲಿ ಸ್ವಾಮಿ, 1999ರಲ್ಲಿ ರೆಡ್ಡಿ. 2013ರವರೆಗೂ ಈ ಸರದಿ ತಪ್ಪಲಿಲ್ಲ. 2018ರಲ್ಲಿ ರಮೇಶ್ ಕುಮಾರ್ ಎರಡನೇ ಸಲ ಸತತ ಗೆದ್ದಾಗ ಮುರೀತು, 2023ರಲ್ಲಿ ರೆಡ್ಡಿ ವಾಪಸ್ ಬಂದರು. ನಡುವೆ ಇಬ್ಬರೂ ಪಕ್ಷ ಬದಲಾಯಿಸಿದ್ದಾರೆ. ಹಿಂದಿದ್ದ ಜನ ಮಾತ್ರ ಬದಲಾಗಲಿಲ್ಲ, ಕೈಯಲ್ಲಿದ್ದ ಬಾವುಟ ಬದಲಾಯ್ತು ಅಷ್ಟೇ. ಯಾವ ಹೋಟೆಲಿನಲ್ಲಿ ಟೀ ಕುಡಿಯೋದು, ಯಾರ ಮನೆ ಮದುವೆಗೆ ಹೋಗೋದು, ಡೈರಿಗೆ ಅಧ್ಯಕ್ಷ ಯಾರಾಗೋದು, ಎಲ್ಲದರಲ್ಲೂ ಆ ಗೆರೆ ಕಾಣುತ್ತೆ.

— ನಮ್ಮ ಮಾಲೂರಿನಲ್ಲಿ 2023ರಲ್ಲಿ 248 ಮತದ ಅಂತರ. ಎಣಿಕೆಯ ತಕರಾರು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟು ಮುಟ್ಟಿತು. ಜನ ಬೇಜಾರು ಮಾಡ್ಕೊಂಡರು, ನನಗೆ ಮಾತ್ರ ಅದರಲ್ಲಿ ಒಂದು ಸಮಾಧಾನ ಇತ್ತು. ಅಷ್ಟು ಸಣ್ಣ ಅಂತರದಲ್ಲಿ ಸೋತವರು ಮಚ್ಚು ಹಿಡಿಯದೆ ವಕಾಲತ್ತು ಹಾಕಿದರಲ್ಲ.

— ಅದೇ ಮಾತಿಗೆ ಬರ್ತಿದ್ದೆ. ನಮ್ಮ ತಾಲ್ಲೂಕಿನಲ್ಲಿ ಹೊಡೆದಾಟ ಆಗಿದೆ, ಕೊಲೆಗಳೂ ಆಗಿವೆ, ಮುಚ್ಚಿಡಲ್ಲ. ಆದರೆ ಊರಿಗೆ ಊರೇ ಒಂದು ಕೇರಿಯ ಮೇಲೆ ಬೀಳೋ ಮಟ್ಟಕ್ಕೆ ಈ ಬಣದ ಜಗಳ ಹೋದದ್ದನ್ನ ನಾನು ಕಾಣೆ. ಯಾಕೆ ಅಂತ ಬಹಳ ಯೋಚಿಸಿದ್ದೀನಿ. ಸ್ವಾಮಿ ಕಡೆ ಒಕ್ಕಲಿಗರಿದ್ದಾರೆ, ರೆಡ್ಡಿ ಕಡೆ ದಲಿತರಿದ್ದಾರೆ, ಎರಡೂ ಕಡೆ ಮುಸ್ಲಿಮರಿದ್ದಾರೆ. ಒಂದೇ ಮನೆಯ ಅಣ್ಣ ಅಲ್ಲಿ, ತಮ್ಮ ಇಲ್ಲಿ. ಬೆಳಗ್ಗೆ ಬಣದ ಜಗಳ ಆಡಿದವನು ಸಂಜೆ ಅದೇ ದೊಡ್ಡಪ್ಪನ ತಿಥಿಗೆ ಎಲೆ ಮುಂದೆ ಕೂರಬೇಕು. ಜಾತಿಯ ಗೆರೆ ಒಂದು ಕಡೆ ಹೋದರೆ ಬಣದ ಗೆರೆ ಅದನ್ನ ಅಡ್ಡ ಕತ್ತರಿಸುತ್ತೆ. ಗೆರೆಗಳು ಒಂದನ್ನೊಂದು ಕತ್ತರಿಸಿದಷ್ಟೂ ಜಗಳ ಒಂದು ಮಿತಿಯಲ್ಲಿರುತ್ತೆ. ಜಾತಿ, ಜಮೀನು, ಬಣ, ಕೇರಿ, ನೀರು, ಎಲ್ಲ ಗೆರೆಗಳೂ ಒಂದರ ಮೇಲೊಂದು ಬಿದ್ದು ದಪ್ಪಗಾದವು ಅಂದರೆ ಆ ಊರಿಗೆ ಹೆದರಬೇಕು.

— ಕಂಬಾಲಪಲ್ಲಿ ಹಾಗೆ.

— ಹೌದು. ಕಂಬಾಲಪಲ್ಲಿ ಹಾಗೆ.

— ನೀವು ಅಲ್ಲಿಗೆ ಬರ್ತೀರಿ ಅಂತ ನನಗೆ ಗೊತ್ತಿತ್ತು. ಚಿಂತಾಮಣಿ ತಾಲ್ಲೂಕು ಆಗ ನಮ್ಮ ಜಿಲ್ಲೆಯಲ್ಲೇ ಇತ್ತು, ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. 2000ದ ಮಾರ್ಚ್ 11. ಏಳು ಜನ ದಲಿತರನ್ನ ಬೆಂಕಿ ಹಚ್ಚಿ ಸುಟ್ಟರು. ದೆಹಲಿಯಿಂದಲೂ ನಾಯಕರು ಬಂದು ಹೋದರು. ಕೇಸು ಕೋಲಾರಕ್ಕೆ ಬಂತು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. 2006ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡೀತು. ಕಾನೂನಿನ ಲೆಕ್ಕದಲ್ಲಿ ಆ ಏಳು ಜನರನ್ನ ಯಾರೂ ಸುಡಲಿಲ್ಲ ಮೇಷ್ಟ್ರೇ. ನಾನು ವಕೀಲಳಾಗಿ ಈ ವಾಕ್ಯ ಹೇಳಬೇಕಾಗಿ ಬಂದಾಗಲೆಲ್ಲ ಗಂಟಲು ಕಟ್ಟುತ್ತೆ.

— ನನ್ನ ಮಾತು ಅದಕ್ಕೆ ಒಪ್ಪುತ್ತಲ್ಲ ಹಾಗಾದರೆ. ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು.

— ಅರ್ಧ ಒಪ್ಪುತ್ತೆ. ಇನ್ನರ್ಧ ಹೇಳ್ತೀನಿ, ಕೇಳಿ. ಕೇರಿಯವರು ರೆಡ್ಡಿಗಳ ಹೊಲಕ್ಕೆ ಕೂಲಿಗೆ ಹೋಗೋದು ನಮ್ಮ ಕಡೆ ಯಾವ ಊರಿನಲ್ಲಿ ಇಲ್ಲ? ದಿನಾ ಮುಖ ನೋಡ್ತಾರೆ, ಹೆಸರು ಹಿಡಿದು ಕೂಗ್ತಾರೆ, ಕಷ್ಟಕ್ಕೆ ಸಾಲ ಕೊಡ್ತಾರೆ. ಅದೂ ಸಂಬಂಧವೇ. ಹೊರಗಿನವರು ಬಂದು ನೋಡಿದರೆ ಎಷ್ಟು ಅನ್ಯೋನ್ಯವಾಗಿದ್ದಾರೆ ಅಂತಾರೆ. ಆದರೆ ಆ ಸಂಬಂಧದಲ್ಲಿ ಒಬ್ಬರು ಕೂರೋರು, ಇನ್ನೊಬ್ಬರು ನಿಲ್ಲೋರು. ನಿಂತವನ ಮಗ ಒಂದು ದಿನ ಕೂತರೆ ಅನ್ಯೋನ್ಯ ಅಲ್ಲಿಗೆ ಮುಗೀತು. ನಿಮ್ಮ ಬಣಗಳಲ್ಲಿ ಎಲ್ಲ ಜಾತಿಯೂ ಇದೆ ಅಂದಿರಿ. ಸರಿ, ಬಣದ ಮುಖಂಡನ ಮನೆಯ ಒಳಗೆ ಹೋಗೋದು ಯಾರು, ಅಂಗಳದಲ್ಲೇ ನಿಲ್ಲೋದು ಯಾರು?

— ಅಂಗಳದಲ್ಲಿ ನಿಲ್ಲೋರು ಈಗಲೂ ಇದ್ದಾರೆ. ಸುಳ್ಳು ಹೇಳಲ್ಲ.

— ಹಾಗಾದರೆ ಅಡ್ಡಗೆರೆ ಇದ್ದರೆ ಸಾಲದು. ಆ ಗೆರೆಯ ಎರಡೂ ತುದಿಯಲ್ಲಿರೋರು ಒಂದೇ ಎತ್ತರದಲ್ಲಿರಬೇಕು.

— ಇದನ್ನ ನಾನು ಇನ್ನೊಂದು ರೀತಿಯಲ್ಲಿ ಓದಿದ್ದೆ. ಅಶುತೋಷ್ ವಾರ್ಷ್ಣೇಯ ಅಂತ ಒಬ್ಬರು ವಿದ್ವಾಂಸರು ಹಿಂದೂ–ಮುಸ್ಲಿಂ ಗಲಭೆಗಳ ಬಗ್ಗೆ 2002ರಲ್ಲಿ ಒಂದು ಪುಸ್ತಕ ತಂದರು. ಅಲಿಗಢವನ್ನ ಕೋಳಿಕ್ಕೋಡಿನ ಪಕ್ಕ ಇಟ್ಟು ನೋಡಿದರು. ಎರಡೂ ಕಡೆ ಜನಸಂಖ್ಯೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ, ಆದರೆ ಒಂದರಲ್ಲಿ ಮತ್ತೆ ಮತ್ತೆ ಗಲಭೆ, ಇನ್ನೊಂದರಲ್ಲಿ ಶಾಂತಿ. ವ್ಯತ್ಯಾಸ ಎಲ್ಲಿ ಅಂದರೆ ಸಂಘಗಳಲ್ಲಿ. ವರ್ತಕರ ಸಂಘ, ಕಾರ್ಮಿಕರ ಸಂಘ, ಓದುಗರ ಸಂಘ. ಎರಡೂ ಧರ್ಮದವರು ಸದಸ್ಯರಾಗಿ, ಚಂದಾ ಕಟ್ಟಿ, ಮತ ಹಾಕಿ ನಡೆಸೋ ಸಂಘಗಳಿದ್ದ ಊರಿನಲ್ಲಿ ಗಾಳಿಸುದ್ದಿ ಹಬ್ಬಿದ ರಾತ್ರಿ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡೋಕೆ ದಾರಿ ಇತ್ತು. ಬರೀ ಬೀದಿಯಲ್ಲಿ ನಗೋದು, ಹಬ್ಬಕ್ಕೆ ಸಿಹಿ ಹಂಚೋದು ದೊಡ್ಡ ಊರಿನಲ್ಲಿ ಸಾಲಲ್ಲ ಅಂತ ಅವರ ವಾದ. ಸದಸ್ಯ ಅಂದಮೇಲೆ ಕೂತೇ ಮಾತಾಡ್ತಾನಲ್ಲ, ನೀನು ಹೇಳಿದ ಹಾಗೆ.

— ಹಾಗಾದರೆ ನಮ್ಮಲ್ಲಿ ಅಂಥದ್ದು ಯಾವುದಿದೆ?

— ಹಾಲಿನ ಡೈರಿ. ಎಲ್ಲ ಜಾತಿಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತೆ, ಫ್ಯಾಟು ನೋಡಿ ದುಡ್ಡು. ನಮ್ಮ ಅಜ್ಜಂದಿರ ಕಾಲದಲ್ಲಿ ಇದನ್ನ ಕನಸಿನಲ್ಲೂ ಎಣಿಸೋ ಹಾಗಿರಲಿಲ್ಲ. ಆಮೇಲೆ ಮಾವಿನ ಮಂಡಿ. ಮೇ ತಿಂಗಳಲ್ಲಿ ಶ್ರೀನಿವಾಸಪುರಕ್ಕೆ ಬಂದು ನಿಂತು ನೋಡು. ತೋಟ ಒಬ್ಬರದು, ಫಸಲು ಗುತ್ತಿಗೆ ಹಿಡಿದವರು ಇನ್ನೊಬ್ಬರು, ಕೀಳೋರು ಮತ್ತೊಬ್ಬರು, ಲಾರಿ ಬೇರೆಯವರದು. ಹಣ್ಣು ಕಾಯಲ್ಲ. ಮೂರು ದಿನ ಮಂಡಿ ಮುಚ್ಚಿದರೆ ಎಲ್ಲ ಧರ್ಮದವರಿಗೂ ನಷ್ಟ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ವಿಷಯವೂ ಹೀಗೇ.

— ಆದರೂ 2022ರಲ್ಲಿ ಏನಾಯ್ತು? ಮಾರ್ಚಿನಲ್ಲಿ ಕೋಲಾರದ ಕ್ಲಾಕ್ ಟವರ್. ಹಸಿರು ಬಣ್ಣ ಇತ್ತು, ಅದನ್ನ ಅಳಿಸಿ ರಾಷ್ಟ್ರಧ್ವಜ ಹಾರಿಸಬೇಕು ಅಂತ ಆಗಿನ ಸಂಸದರೇ ಪಟ್ಟು ಹಿಡಿದರು. ಕೊನೆಗೆ ಪೊಲೀಸ್ ಬಂದೋಬಸ್ತಿನಲ್ಲಿ ಬಿಳಿ ಬಣ್ಣ ಬಳಿದು ಧ್ವಜ ಏರಿಸಿದರು. ನನ್ನ ದೇಶದ ಧ್ವಜ ಮೇಲೇರುವಾಗ ಆ ಸುತ್ತಿನ ಅಂಗಡಿಯವರು ಬಾಗಿಲು ಹಾಕ್ಕೊಂಡು ಹೆದರಿ ಕೂರಬೇಕಾದ ಪರಿಸ್ಥಿತಿ ತಂದಿಟ್ಟದ್ದು ನನಗೆ ಈಗಲೂ ನೋವು. ಅವರನ್ನೇ ಕರೆದು ನೀವೇ ಹಗ್ಗ ಹಿಡೀರಿ ಅನ್ನೋಕೆ ಒಬ್ಬರಿಗಾದರೂ ತೋಚಬೇಕಿತ್ತು. ಏಪ್ರಿಲ್ 8ಕ್ಕೆ ಮುಳಬಾಗಿಲು. ಶ್ರೀರಾಮ ಶೋಭಾಯಾತ್ರೆಯ ಮೇಲೆ ಕಲ್ಲು ಬಿತ್ತು, ವಾಹನಗಳಿಗೆ ಹಾನಿಯಾಯ್ತು, ನಿಷೇಧಾಜ್ಞೆ ಬಂತು. ಹೈದರ್ ವಲಿ ದರ್ಗಾ ಇರೋ ಊರು, ಶ್ರೀಪಾದರಾಜರ ಬೃಂದಾವನ ಇರೋ ಊರು. ಡಿ.ವಿ.ಜಿ. ಹುಟ್ಟಿದ ಊರು. ಶಾಂತಿಗೆ ಬೇಕಾದ ಪರಂಪರೆ ಎಲ್ಲ ಇತ್ತಲ್ಲ ಅಲ್ಲಿ?

— ಪರಂಪರೆ ತಾನಾಗಿ ಕೆಲಸ ಮಾಡಲ್ಲ. ದರ್ಗಾಕ್ಕೆ ಎಲ್ಲರೂ ಹೋಗ್ತಾರೆ ಅನ್ನೋದನ್ನ ನಾವು ಭಾಷಣದಲ್ಲಿ ಹೇಳ್ತಾ ಹೇಳ್ತಾ ಅದೇ ಸಾಕು ಅಂದ್ಕೊಂಡುಬಿಟ್ವಿ. ಕಲ್ಲು ಬಿದ್ದ ಸಂಜೆ ಎರಡೂ ಕಡೆಯ ಹುಡುಗರ ಮೇಲೆ ಹಿಡಿತ ಇರೋ ನಾಲ್ಕು ಜನ ಒಂದು ಕಡೆ ಕೂರೋ ಜಾಗ ಬೇಕು. ಅದು ಕಲ್ಲು ಬೀಳೋಕೆ ಮುಂಚೆಯೇ ಇರಬೇಕು.

— ಶಾಂತಿ ಸಭೆ ಅಂತ ಕರೀತಾರಲ್ಲ ಪೊಲೀಸರು, ಗಣೇಶ ಹಬ್ಬಕ್ಕೆ ಮುಂಚೆ, ಈದ್ ಮಿಲಾದಿಗೆ ಮುಂಚೆ?

— ಕರೀತಾರೆ. ಕರೀಬೇಕು. ಆದರೆ ಸಭೆಗೆ ಬರೋರು ಯಾರು ಅಂತ ನೋಡು. ಪ್ರತಿ ವರ್ಷ ಅದೇ ಮುಖಗಳು. ಅವರ ಮಾತನ್ನ ಕಲ್ಲು ಹೊಡೆಯೋ ವಯಸ್ಸಿನವನು ಕೇಳಲ್ಲ, ಅವನ ಕೈಯಲ್ಲಿರೋ ಮೊಬೈಲಿನಲ್ಲಿ ಬರೋ ಮಾತು ಕೇಳ್ತಾನೆ. ಹೆಂಗಸರಂತೂ ಆ ಸಭೆಗಳಲ್ಲಿ ಕಾಣೋದೇ ಇಲ್ಲ, ನಿಷೇಧಾಜ್ಞೆ ಬಂದಾಗ ಮನೆಯಲ್ಲಿ ಅಕ್ಕಿ ಎಷ್ಟಿದೆ ಅಂತ ಲೆಕ್ಕ ಹಾಕೋರು ಅವರೇ ಆದರೂ.

— ನಮ್ಮ ನೆಲಕ್ಕೆ ರಾಜಿ ಹೊಸದೇನಲ್ಲ ಅಂತ ನೀವು ತರಗತಿಯಲ್ಲಿ ಹೇಳ್ತಿದ್ದಿರಂತೆ. ಮುಳಬಾಗಿಲಿನ ಯುದ್ಧದ ಪಾಠ.

— ಯಾರು ಹೇಳಿದರು ನಿನಗೆ? ಪಠ್ಯದಲ್ಲಿ ಒಂದು ಸಾಲೂ ಇರಲಿಲ್ಲ, ನಾನೇ ಸೇರಿಸಿ ಹೇಳ್ತಿದ್ದೆ. 1768ರ ಅಕ್ಟೋಬರ್ 4. ಮುಳಬಾಗಿಲಿನ ಬಂಡೆಗುಡ್ಡಗಳ ಮಧ್ಯೆ ಹೈದರಾಲಿಯ ಸೈನ್ಯಕ್ಕೂ ಕರ್ನಲ್ ವುಡ್‌ನ ಕಂಪನಿ ಪಡೆಗೂ ಕಾಳಗ. ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ, ಅವನಪ್ಪ ಫತೇ ಮುಹಮ್ಮದನ ಗೋರಿ ಕೋಲಾರದಲ್ಲಿ. ಅಂದರೆ ಅವನು ತನ್ನ ಮನೆಯಂಗಳದಲ್ಲೇ ಯುದ್ಧ ಮಾಡ್ತಿದ್ದ. ಆ ಹೊತ್ತಿಗಾಗಲೇ ಅವನು ಸಂಧಿಗೆ ಕೈ ಚಾಚಿದ್ದ. ಬಾರಾಮಹಲ್ ಕೊಡ್ತೀನಿ, ಹಣ ಕೊಡ್ತೀನಿ ಅಂದಿದ್ದ. ಗೆಲ್ತಿದ್ದೀವಿ ಅನ್ನೋ ಭ್ರಮೆಯಲ್ಲಿ ಕಂಪನಿಯವರು ಇನ್ನೂ ಬೇಕು ಅಂದರು. ಆರು ತಿಂಗಳು ಕಳೆಯೋದರಲ್ಲಿ ಹೈದರ್ ಮದರಾಸಿನ ಬಾಗಿಲಿಗೇ ಹೋಗಿ ನಿಂತ. 1769ರ ಏಪ್ರಿಲಿನಲ್ಲಿ ಒಪ್ಪಂದ ಆಯ್ತು. ಗೆದ್ದ ನೆಲ ಪರಸ್ಪರ ವಾಪಸ್ಸು, ಒಬ್ಬರ ಮೇಲೆ ಬೇರೆಯವರು ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು.

— ಬಂದರೇ?

— ಬರಲಿಲ್ಲ. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕೈಕಟ್ಟಿ ಕೂತಿತು. ಹೈದರ್ ಅದನ್ನ ಮರೀಲಿಲ್ಲ. 1780ರಲ್ಲಿ ಎರಡನೇ ಯುದ್ಧ. ಎರಡು ಸೈನ್ಯ ಹಾದುಹೋದ ದಾರಿಯ ಊರುಗಳಲ್ಲಿ ದನ, ದವಸ ಏನು ಉಳಿಯುತ್ತೆ? ಒಪ್ಪಂದದ ಕಾಗದಕ್ಕೆ ರುಜು ಹಾಕಿದವರು ಯಾರೂ ಅದಕ್ಕೆ ಬೆಲೆ ತೆರಲಿಲ್ಲ.

— ಇಷ್ಟು ಹೇಳಿದ ಮೇಲೆ ವಿದುರಾಶ್ವತ್ಥವನ್ನೂ ಹೇಳಿ. ಅದೂ ಆಗ ಕೋಲಾರ ಜಿಲ್ಲೆಯೇ.

— ಅದನ್ನ ಹೇಳದೆ ಬಿಡ್ತೀನಾ? 1938ರ ಏಪ್ರಿಲ್ 25. ಸಭೆ ಸೇರಬಾರದು, ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದು ಅಂತ ಆಜ್ಞೆ. ಜನ ಸೇರಿದರು. ಗುಂಡು ಹಾರಿತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನ ಹೇಳೋದು 32. ಇದೂ ಬಾವುಟದ ಜಗಳವೇ ಅನ್ನೋದನ್ನ ಗಮನಿಸು. ಆಮೇಲೆ ಏನಾಯ್ತು ಅನ್ನೋದು ನನಗೆ ಮುಖ್ಯ. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲರ ಎದುರು ಕೂತರು. ಮೇ ತಿಂಗಳಲ್ಲೇ ಒಪ್ಪಂದ. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ಬಂಧಿಗಳ ಬಿಡುಗಡೆ, ವಿಶೇಷ ಸಂದರ್ಭಗಳಲ್ಲಿ ಮೈಸೂರಿನ ಧ್ವಜ ಮತ್ತು ಕಾಂಗ್ರೆಸ್ಸಿನ ಧ್ವಜ ಎರಡನ್ನೂ ಜೊತೆಗೇ ಹಾರಿಸೋದು. ಗುಂಡೇಟಿನ ತನಿಖೆಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿಯೂ ಬಂತು. ಸತ್ತವರು ಹಿಂತಿರುಗಲಿಲ್ಲ, ಜವಾಬ್ದಾರಿ ಸರ್ಕಾರ ಬರೋಕೆ 1947ರವರೆಗೂ ಹೋರಾಡಬೇಕಾಯ್ತು. ಆದರೂ ಎರಡು ಬಾವುಟ ಒಂದೇ ಮೈದಾನದಲ್ಲಿ ಹಾರಬಹುದು ಅಂತ ಆ ದಿವಾನರಿಗೂ ಆ ಸರ್ದಾರರಿಗೂ ಹೊಳೀತು.

— ಆ ಒಪ್ಪಂದ ಆದದ್ದಕ್ಕೆ ಇನ್ನೊಂದು ಕಾರಣ ಇದೆ ಮೇಷ್ಟ್ರೇ. ಸತ್ತವರ ಪರವಾಗಿ ಕೂತವರು ಪಟೇಲರು. ದಿವಾನರು ಎದ್ದು ನಿಂತು ಮಾತಾಡಿಸಬೇಕಾದ ಮನುಷ್ಯ. ಕಂಬಾಲಪಲ್ಲಿಯಲ್ಲಿ ಸತ್ತವರ ಪರವಾಗಿ ಕೂತವರು ಯಾರು? ಬದುಕುಳಿದ ನೆಂಟರು. ಅವರು ಸಾಕ್ಷಿ ಹೇಳಿ ವಾಪಸ್ ಹೋಗಬೇಕಾದದ್ದು ಎಲ್ಲಿಗೆ, ಅದೇ ಸುತ್ತಿನ ಊರುಗಳಿಗೆ. ಆರು ವರ್ಷ ಕಾಯಿಸಿ ಕಟಕಟೆಗೆ ಕರೆದರೆ ಮನುಷ್ಯ ಏನು ಹೇಳ್ತಾನೆ? ನನಗೇನೂ ಕಾಣಲಿಲ್ಲ ಅಂತಾನೆ. ಊರಿನವರು ಅದನ್ನೇ ಶಾಂತಿ ಅಂತಾರೆ. ಎಲ್ಲ ಮುಗೀತಲ್ಲ, ಯಾಕೆ ಕೆದಕ್ತೀರಿ ಅಂತಾರೆ.

— ಈಗ ಕಾನೂನು ಬದಲಾಗಿದೆಯಲ್ಲ?

— ಆಗಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು. ಸಂತ್ರಸ್ತರ, ಸಾಕ್ಷಿಗಳ ಹಕ್ಕಿನ ಬಗ್ಗೆಯೇ ಒಂದು ಅಧ್ಯಾಯ ಸೇರಿಸಿದರು. ರಕ್ಷಣೆ, ಓಡಾಟದ ಖರ್ಚು, ಬೇಕಾದರೆ ಬೇರೆ ಕಡೆ ವಸತಿ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದು ಕಂಬಾಲಪಲ್ಲಿಗೆ ತಡವಾಗಿ ಬಂತು, ಆದರೆ ಮುಂದಿನವರಿಗೆ ಬೇಕು. ನಾನು ಇದನ್ನ ಶಾಂತಿಯ ಕೆಲಸ ಅಂತಲೇ ಎಣಿಸ್ತೀನಿ. ಸಾಕ್ಷಿ ಹೇಳಿದವನು ಮಾರನೇ ದಿನ ಅದೇ ಅಂಗಡಿಗೆ ಹೋಗಿ ಬೀಡಿ ಕೇಳೋ ಹಾಗಿರಬೇಕು. ಅಲ್ಲಿವರೆಗೂ ಯಾವ ಊರನ್ನೂ ಶಾಂತವಾಗಿದೆ ಅನ್ನಬೇಡಿ.

— ದಕ್ಷಿಣ ಆಫ್ರಿಕಾದಲ್ಲಿ ಕೊಂದವರು ಸತ್ಯ ಒಪ್ಪಿಕೊಂಡರೆ ಕ್ಷಮೆ ಅಂತ ಆಯೋಗ ಮಾಡಿದರು. ಅಲ್ಲೂ ಅನೇಕರಿಗೆ ಅದು ಅನ್ಯಾಯ ಅನಿಸಿತು.

— ಅನಿಸಲಿ, ಸತ್ಯವಾದರೂ ಸಿಕ್ಕಿತಲ್ಲ. ನಮಗೆ ಶಿಕ್ಷೆಯೂ ಇಲ್ಲ, ಸತ್ಯವೂ ಇಲ್ಲ.

— ಬೆಲ್‌ಫಾಸ್ಟಿನಲ್ಲಿ 1998ರ ಒಪ್ಪಂದ ಆದಮೇಲೂ ಎರಡು ಪಂಗಡಗಳ ಬೀದಿಗಳ ನಡುವೆ ಗೋಡೆ ನಿಂತೇ ಇದೆಯಂತೆ. ಬಂದೂಕು ನಿಂತಿತು, ಮಕ್ಕಳ ಶಾಲೆ ಹೆಚ್ಚಿನ ಮಟ್ಟಿಗೆ ಬೇರೆ ಬೇರೆಯೇ ಉಳೀತು. ನಮ್ಮಲ್ಲಿ ಗೋಡೆ ಕಟ್ಟೋ ಅಗತ್ಯವೇ ಬಿದ್ದಿಲ್ಲ, ಊರು ಕಟ್ಟುವಾಗಲೇ ಕೇರಿಯನ್ನ ಆಚೆ ಇಟ್ಟುಬಿಟ್ಟಿದ್ದೀವಿ.

— ಆ ಆಚೆಯಿಂದ ಈಚೆ ಬಂದ ಒಂದು ಕೈಗೆ ಏನಾಯ್ತು ಅಂತ ನಮ್ಮ ಮಾಲೂರು ತಾಲ್ಲೂಕಿನಲ್ಲಿ ನೋಡಿದ್ವಲ್ಲ. ಉಳ್ಳೇರಹಳ್ಳಿ, 2022ರ ಸೆಪ್ಟೆಂಬರ್. ಭೂತಾಯಮ್ಮನ ಉತ್ಸವದಲ್ಲಿ ಹದಿನೈದರ ಹುಡುಗ ಸಿಡಿರಣ್ಣ ದೇವರ ಕೋಲು ಮುಟ್ಟಿದ. 60,000 ರೂಪಾಯಿ ದಂಡ ಕಟ್ಟಿ, ಇಲ್ಲದಿದ್ದರೆ ಊರು ಬಿಡಿ ಅಂದರು. ಕೂಲಿ ಮಾಡೋ ತಾಯಿ ಏನು ಮಾಡಿದಳು? ನಾವು ಮುಟ್ಟಿದರೆ ಮೈಲಿಗೆ ಆಗೋ ದೇವರು ನಮಗೆ ಬೇಡ ಅಂತ ಮನೆಯಲ್ಲಿದ್ದ ದೇವರ ಪಟಗಳನ್ನ ತೆಗೆದುಹಾಕಿದಳು, ಅಂಬೇಡ್ಕರ್ ಪಟ ಇಟ್ಟಳು. ಠಾಣೆಗೆ ಹೋದಳು. ಕೇಸಾಯ್ತು, ಜಿಲ್ಲಾಧಿಕಾರಿ ಊರಿಗೆ ಬಂದರು. ಈ ತಾಯಿ ಶಾಂತಿ ಕದಡಿದಳು ಅನ್ನೋರು ಇದ್ದಾರೆ. ನನ್ನ ಲೆಕ್ಕದಲ್ಲಿ ಆ ಊರಿನಲ್ಲಿ ಶಾಂತಿಯ ಮೊದಲ ಕೆಲಸ ಮಾಡಿದವಳೇ ಅವಳು. ತಲೆತಗ್ಗಿಸಿ ಸಾಲ ಮಾಡಿ ದಂಡ ಕಟ್ಟಿದ್ದರೆ ಊರು ತಣ್ಣಗಿರ್ತಿತ್ತು, ಸುದ್ದಿ ಆಗ್ತಿರಲಿಲ್ಲ, ಇನ್ನೊಬ್ಬ ಹುಡುಗನಿಗೆ ಇನ್ನೊಂದು ದಂಡ ಕಾದಿರ್ತಿತ್ತು.

— ಅಲ್ಲಿ ಊರಿನ ಹಿರಿಯರಿಗೂ ಏನೋ ಕಳೆದುಹೋಗುತ್ತಿದೆ ಅನ್ನೋ ಭಯ ಇರುತ್ತಮ್ಮಾ. ಅದು ಸರಿ ಅಂತ ಹೇಳ್ತಿಲ್ಲ. ಆ ಭಯದ ಜೊತೆ ಯಾರೋ ಮಾತಾಡಬೇಕು, ಇಲ್ಲದಿದ್ದರೆ ಅದರ ಜೊತೆ ಮಾತಾಡೋಕೆ ಬೇರೆಯವರು ಬರ್ತಾರೆ, ಮತಕ್ಕಾಗಿ ಬರ್ತಾರೆ.

— ಮಾತಾಡಲಿ. ನಮ್ಮ ಜಿಲ್ಲೆಯಲ್ಲೇ ‘ಅರಿವು ಭಾರತ’ ಬಳಗದವರು ಗೃಹಪ್ರವೇಶ ಅಂತ ಮಾಡ್ತಾರಲ್ಲ, ಸವರ್ಣೀಯರೇ ಕೇರಿಯವರನ್ನ ತಮ್ಮ ಮನೆಯೊಳಕ್ಕೆ ಕರೆದು, ಕೂತು ಜೊತೆಗೆ ಉಣ್ಣೋದು. ಮೊದಲು ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಒಂದು ಊಟಕ್ಕೆ ಏನಾಗುತ್ತೆ ಅಂತ. ಈಗ ಅನಿಸೋದು, ಹೊಸಲು ದಾಟಿಸಿಕೊಳ್ಳೋ ಮನೆಯವರೂ ತಮ್ಮ ಜಾತಿಯವರ ಕಣ್ಣಿಗೆ ಬೀಳೋ ಧೈರ್ಯ ಮಾಡಬೇಕಲ್ಲ. ಆ ಧೈರ್ಯ ಲೆಕ್ಕಕ್ಕೆ ಬರುತ್ತೆ.

— ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರ ಹುಣ್ಣಿಮೆ ಹಾಡು ಇದೆಯಲ್ಲ, ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ್ದು, ಅಲ್ಲಿ ನಾನು ನಮ್ಮ ಶಾಲೆಯ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಬಂಡೆಯ ಮೇಲೆ ಕೂತು ನಾಟಕ ನೋಡೋದು. ಮುಂದಿನ ಸಾಲು, ಹಿಂದಿನ ಸಾಲು ಅಂತ ಯಾರಿಗೂ ಮೀಸಲಿಲ್ಲ. ವಾಪಸ್ ಬರುವಾಗ ಯಾವ ಮಗು ಯಾರ ತೊಡೆ ಮೇಲೆ ನಿದ್ದೆ ಹೋಗಿತ್ತು ಅಂತ ಅವರ ಅಪ್ಪಂದಿರು ನೋಡಿದ್ದರೆ ಚೆನ್ನಾಗಿರ್ತಿತ್ತು.

— ಸರಿ ಮೇಷ್ಟ್ರೇ, ಬೆಟ್ಟದಿಂದ ಇಳಿದು ನಿಮ್ಮ ಊರಿಗೆ ಬನ್ನಿ. ಈ ಸಲದ ಜಾತ್ರೆಗೆ ಮೆರವಣಿಗೆ ಕೇರಿಯೊಳಗೆ ಬರಬೇಕು ಅಂತ ಹುಡುಗರು ಕೇಳ್ತಿದ್ದಾರೆ, ಒಂದು ಬಣ ಆಗಲಿ ಅಂತಿದೆ, ಆ ಬಣ ಆಗಲಿ ಅಂದದ್ದಕ್ಕೇ ಇನ್ನೊಂದು ಬಣ ಬೇಡ ಅಂತಿದೆ. ಅದಕ್ಕೇ ಅಲ್ವಾ ನನ್ನನ್ನ ಕರೆಸಿದ್ದು?

— ಅದಕ್ಕೇ. ಹೇಳಿದೆನಲ್ಲ, ಇಲ್ಲಿವರೆಗೂ ಬಣದ ಗೆರೆ ಜಾತಿಯ ಗೆರೆಯನ್ನ ಅಡ್ಡ ಹಾಯ್ತಿತ್ತು. ಈ ಮೆರವಣಿಗೆ ವಿಷಯದಲ್ಲಿ ಎರಡೂ ಒಂದರ ಮೇಲೊಂದು ಕೂರೋ ಹಾಗೆ ಕಾಣ್ತಿದೆ. ನನಗೆ ನಿದ್ದೆ ಬರ್ತಿಲ್ಲ.

— ಹಾಗಾದರೆ ಪೊಲೀಸರು ಕರೆಯೋಕೆ ಮುಂಚೆ ನಾವೇ ಕೂರೋಣ. ಎರಡು ಷರತ್ತು ನನ್ನವು. ಸಭೆ ಗುಡಿಯ ಜಗಲಿಯಲ್ಲಿ ಬೇಡ. ಅಲ್ಲಿ ನಮ್ಮವರು ನಿಂತೇ ಮಾತಾಡಬೇಕಾಗುತ್ತೆ. ಇನ್ನೊಂದು, ಮೆರವಣಿಗೆ ಬರಲಿ ಅಂತ ಮೊದಲು ಹೇಳೋ ಮಾತು ಕೇರಿಯವರ ಬಾಯಿಂದ ಬರೋದು ಬೇಡ. ಬೇಡ ಅಂತಿರೋ ಬಣದಲ್ಲೂ ದಲಿತರಿದ್ದಾರೆ ಅಂದಿರಲ್ಲ, ಆ ಬಣದ ಒಬ್ಬ ಒಕ್ಕಲಿಗ ಹಿರಿಯ ಅವರ ಪಕ್ಕ ಕೂತು ಆ ಮಾತು ಹೇಳಬೇಕು. ಅಂಥವರು ಒಬ್ಬರು ಸಿಗ್ತಾರಾ?

— ಡೈರಿ ಅಧ್ಯಕ್ಷರನ್ನ ಕೇಳಿ ನೋಡ್ತೀನಿ. ಕಳೆದ ವರ್ಷ ಹಾಲಿನ ಬಾಕಿ ವಿಷಯದಲ್ಲಿ ಕೇರಿಯವರ ಪರವಾಗಿ ನಿಂತಿದ್ದರು. ಒಪ್ಪಿದರೂ ಒಪ್ಪಬಹುದು.

— ಜಾಗ?

— ಶಾಲೆ. ಎಲ್ಲರಿಗೂ ಸಾಕಾಗೋಷ್ಟು ಬೆಂಚಿವೆ. ಬೀಗದ ಕೈ ಈಗ ನನ್ನ ಹತ್ತಿರ ಇಲ್ಲ, ನಾಳೆ ಬೆಳಗ್ಗೆ ಹೆಡ್‌ಮಾಸ್ಟರ್ ಮನೆಗೆ ಹೋಗಿ ಕೇಳ್ತೀನಿ. ಹೆಂಗಸರಿಗೂ ಹೇಳಿಕಳಿಸ್ತೀನಿ. ಹಾಲು ಹಾಕೋಕೆ ಬರೋ ಹೊತ್ತಿನಲ್ಲಿ ಹೇಳಿದರೆ ಎರಡೂ ಕಡೆಯವರಿಗೆ ಒಟ್ಟಿಗೇ ಹೇಳಿದ ಹಾಗಾಗುತ್ತೆ.